ದಿನಕ್ಕೆ ಒಂದೇ ಕೋಣೆ

ಹಳೆ ಮರ ಕೊಳ್ಳುವವನು ಮಾಲನ್ನು ಮೊದಲು ಕಣ್ಣಿನಲ್ಲಿ ತೂಗುತ್ತಾನೆ, ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾನೆ. ಜಯಲಕ್ಷ್ಮೀಬಾಯಿಯವರನ್ನು ತಟ್ಟಿ ನೋಡುವಂತಿರಲಿಲ್ಲ. ಹಾಗಾಗಿ ಅಂದಾನಿ ಕಣ್ಣಿನಲ್ಲೇ ಕೆಲಸ ಮುಗಿಸಿದ. ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ. ವಯಸ್ಸು ಅರವತ್ತೈದರ ಆಚೀಚೆ. ಎಡಗಾಲಿನ ಮಂಡಿಯ ಕೀಲು ಸಡಿಲ, ಉಳಿದದ್ದೆಲ್ಲ ಬಿಗಿ. ಮೂಗಿನ ಎರಡೂ ಕಡೆ ಹರಳಿನ ಮೂಗುಬೊಟ್ಟು, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲು, ಎಣ್ಣೆ ಹಚ್ಚಿ ಬಿಗಿದ ಬಿಳಿ ತುರುಬು. ಪಾಲಿಶ್ ಇಲ್ಲ, ಬಣ್ಣ ಬಳಿದು ಮುಚ್ಚಿದ ಬಿರುಕೂ ಇಲ್ಲ. ಇಂಥವರು ಚೌಕಾಸಿಗೆ ಬಗ್ಗುವುದಿಲ್ಲ, ಆದರೆ ಜಗಳಕ್ಕೂ ಬರುವುದಿಲ್ಲ. ಒಂದು ಲೋಟ ಕಾಫಿ ಕೊಟ್ಟು ದಾರಿ ಬಿಡುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯ ಪಟ್ಟಿ ಮುಗಿಸಿ ಟಿ. ನಗರದ ಅಂಗಡಿಗೆ ವಾಪಸಾಗಬಹುದು ಎಂದು ಅವನು ಅಂದಾಜು ಮಾಡಿದ.

ಆ ಅಂದಾಜಿನಲ್ಲಿ ಆರು ದಿನ ತಪ್ಪಿತ್ತು.

“ಚಪ್ಪಲಿ ಅಲ್ಲೇ ಬಿಡಿ ಸಾರ್. ನಲ್ಲಿ ಆ ಪಕ್ಕ ಇದೆ, ಕಾಲು ತೊಳ್ಕೊಂಡು ಬನ್ನಿ,” ಎಂದರು ಜಯಲಕ್ಷ್ಮೀಬಾಯಿ.

“ನಾನು ಮ್ಯೂಸಿಯಂ ನೋಡಕ್ಕೆ ಬಂದೋನಲ್ಲ ಬಾಯವ್ರೇ. ಸುಜಯೀಂದ್ರ ಸ್ವಾಮ್ಯೋರು ಕಳ್ಸವ್ರೆ. ಮನೇಲಿರೋ ಮರಮುಟ್ಟೆಲ್ಲ ಪಟ್ಟಿ ಮಾಡ್ಬೇಕು.”

“ಪಟ್ಟಿ ಮಾಡೋರ ಕಾಲಿಗೆ ಧೂಳು ಇರಲ್ವಾ?”

ಅಂದಾನಿ ಕಾಲು ತೊಳೆದುಕೊಂಡ.

ಕೀಲ್ಪಾಕ್‌ನ ದೊಡ್ಡ ಆಸ್ಪತ್ರೆಯಿಂದ ಎರಡು ಬೀದಿ ಆಚೆ, ಅಪಾರ್ಟ್‌ಮೆಂಟುಗಳ ನಡುವೆ ಒಂದು ಹಳೆಯ ತೋಟದ ಮನೆ ಇದೆ. ನೂರೈವತ್ತು ವರ್ಷದ ಹಿಂದೆ ಯಾರೋ ಪೇಷ್ಕಾರ್ ರಾಯರು ಕಟ್ಟಿಸಿದ್ದು. ತೋಟ ಯಾವತ್ತೋ ಹೋಯಿತು. ಒಂದು ಬೇವಿನ ಮರ, ಒಂದು ಬಾವಿ, ಬರ್ಮಾ ತೇಗದ ಕಂಬಗಳ ಮೇಲೆ ನಿಂತ ಮನೆ ಮಾತ್ರ ಉಳಿದಿವೆ. ಆಟೋದವರಿಗೆ ‘ಪೇಷ್ಕಾರ್ ಬಂಗಲೆ’ ಎಂದರೆ ಸಾಕು. ಮನೆಯ ಈಗಿನ ಯಜಮಾನ ಸುಜಯೀಂದ್ರ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಅವನೂ ಸೇರಿ ಐದು ಜನ ದಾಯಾದಿಗಳಿಗೆ ಪಾಲಿದೆ. ಬರುವ ಭಾನುವಾರ ಹತ್ತು ಗಂಟೆಗೆ ಐವರೂ ಸೇರಿ ತೀರ್ಮಾನ ಮಾಡುವವರಿದ್ದರು: ಮನೆ ಮ್ಯೂಸಿಯಂ ಆಗಿಯೇ ಇರಬೇಕೋ, ಅಥವಾ ಮರಮುಟ್ಟನ್ನು ಅಂದಾನಿಗೆ ಕೊಟ್ಟು, ಗೋಡೆ ಬೀಳಿಸಿ, ಜಾಗವನ್ನು ಬಿಲ್ಡರ್‌ಗೆ ಒಪ್ಪಿಸಬೇಕೋ. ಅಂದಾನಿಯ ಪಟ್ಟಿ ನೋಡಿ ಸಹಿ ಹಾಕುವುದೆಂದು ಮಾತಾಗಿತ್ತು. ಸಹಿ ಬಿದ್ದರೆ ಜಯಲಕ್ಷ್ಮೀಬಾಯಿಯವರ ಸೊಂಟದ ಬೀಗದ ಕೈಗಳಿಗೆ ಕೆಲಸವಿರುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಕಾಫಿ ಮಾತ್ರ ಒಳ್ಳೆಯದನ್ನೇ ಕೊಟ್ಟರು.

ಕಾಫಿಯಾದ ಮೇಲೆ ವಿಸಿಟರ್ಸ್ ಪುಸ್ತಕದಲ್ಲಿ ಹೆಸರು ಬರೆಸಿ, ಒಂದು ಬಾಗಿಲಿನ ಬೀಗ ತೆಗೆದರು. ಕಚೇರಿ ಕೋಣೆ. ಪೇಷ್ಕಾರರ ಮೇಜು, ಕಾಗದ ಇಡುವ ಗೂಡುಗಳು, ತೂಗುಹಾಕಿದ ಪಂಖದ ಮರದ ತೊಲೆ. ಅಂದಾನಿ ತಟ್ಟಿದ, ಅಳೆದ, ಬರೆದುಕೊಂಡ. ಅರ್ಧ ಗಂಟೆಯಲ್ಲಿ ಮುಗಿಸಿ, “ಸರಿ, ಮುಂದಿನ ಕೋಣೆ,” ಎಂದ.

“ಮುಂದಿನ ಕೋಣೆ ನಾಳೆ.”

“ನಾಳೆ?”

“ಇವತ್ತು ಸೋಮವಾರ ಅಲ್ವಾ ಸಾರ್. ಸೋಮವಾರ ಕಚೇರಿ ಕೋಣೆ ದಾನ್, ಅದೊಂದೇ. ಮಂಗಳವಾರ ಬಾಣಂತಿ ಕೋಣೆ, ಬುಧವಾರ ಬೊಂಬೆ ಕೋಣೆ, ಗುರುವಾರ ಓದೋ ಕೋಣೆ, ಶುಕ್ರವಾರ ದೇವರ ಮನೆ, ಶನಿವಾರ ಉಯ್ಯಾಲೆ ಹಜಾರ, ಭಾನುವಾರ ಅಡಿಗೆಮನೆ. ದಿನಕ್ಕೆ ಒಂದೇ. ಕಲೆಕ್ಟರ್ ಬಂದ್ರೂ ಒಂದೇ.”

“ನಾನು ಮಾಲೀಕರ ಕಡೆಯೋನು ಬಾಯವ್ರೇ!”

“ಅದಕ್ಕೇ ತಾನೇ ಕಾಫಿ ಕೊಟ್ಟಿದ್ದು.”

ಹೇಳಿ, ಕಿಟಕಿಯ ಮೇಲಿದ್ದ ಒಂದು ಪುಟ್ಟ ಹಿತ್ತಾಳೆ ಗಂಟೆಯನ್ನು ಎರಡು ಸಲ ಆಡಿಸಿದರು. ಹೊತ್ತಾಯಿತು, ಹೊರಡಿ ಎಂಬುದಕ್ಕೆ ಆ ಮನೆಯ ಗುರುತು ಅದು. ಆ ಸದ್ದು ಅಂದಾನಿಯ ಕಿವಿಯಲ್ಲಿ ಎಲ್ಲೋ ಕೇಳಿದ ಹಾಗೆ ಕೊರೆಯಿತು. ಎಲ್ಲಿ ಎಂದು ನೆನಪಾಗಲಿಲ್ಲ.

ಮಂಗಳವಾರ ಅವನು ಬಂದಾಗ ಜಗುಲಿಯ ಮೇಲೆ ಆಗಲೇ ಎಂಟು ಹತ್ತು ಜನ ಕೂತಿದ್ದರು. ಕ್ಯಾಮೆರಾ ಹಿಡಿದವರ ಪೈಕಿಯಲ್ಲ. ಕೈಯಲ್ಲಿ ವೈರ್ ಬುಟ್ಟಿ, ಫ್ಲಾಸ್ಕು, ಎಕ್ಸ್‌ರೇ ಕವರು. ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗಳ ಕಡೆಯವರು. ಬೆಳಿಗ್ಗೆ ವಾರ್ಡಿನಿಂದ ಹೊರಗೆ ಕಳಿಸಿದರೆ ಸಂಜೆಯವರೆಗೆ ಅವರಿಗೆ ಹೋಗಲು ಜಾಗವಿಲ್ಲ. ಇಲ್ಲಿ ನೆರಳುಂಟು, ಮಡಕೆಯಲ್ಲಿ ನೀರುಂಟು, ಜೊತೆಗೆ ದಿನಕ್ಕೊಂದು ಕೋಣೆ. ಅವರಲ್ಲಿ ಎಣ್ಣೂರಿನ ಸೆಲ್ವಿ ಎಂಬ ಮೀನುಗಾರರ ಹೆಂಗಸು ಇದ್ದಳು. ದೋಣಿಯ ಸ್ಟವ್ ಸಿಡಿದು ಗಂಡನಿಗೆ ಸುಟ್ಟ ಗಾಯ. ಇಪ್ಪತ್ತಮೂರು ದಿನದಿಂದ ವಾರ್ಡಿನಲ್ಲಿ. ಅವಳು ಏಳು ಕೋಣೆಗಳನ್ನೂ ಮೂರು ಮೂರು ಸುತ್ತು ನೋಡಿ ಮುಗಿಸಿದ್ದಳು. ಅಂದಾನಿ ತೊಟ್ಟಿಲಿನ ಕಂಬ ಅಳೆಯುತ್ತಿದ್ದರೆ ಅವಳೇ ತಮಿಳಿನಲ್ಲಿ ವಿವರಿಸಿದಳು: ಈ ತೊಟ್ಟಿಲಲ್ಲಿ ಹದಿನಾಲ್ಕು ಮಕ್ಕಳು ಮಲಗಿವೆ, ಆ ಗೋಡೆಯ ಗೂಡು ಬಾಣಂತಿಗೆ ದೀಪದ ಕಾಡಿಗೆ ಹಿಡಿಯಲು, ಅಣ್ಣಾ ಸ್ವಲ್ಪ ಬಗ್ಗಿ ನೋಡಿ, ಅಲ್ಲಿ ಇನ್ನೂ ಕಪ್ಪಿದೆ. ಅಂದಾನಿ ಬಗ್ಗಿ ನೋಡಿದ. ಕಪ್ಪಿತ್ತು. ಪಟ್ಟಿಯಲ್ಲಿ ಕಾಡಿಗೆಯ ಕಪ್ಪಿಗೆ ಕಾಲಂ ಇರಲಿಲ್ಲ.

ಹೊರಗೆ ಬಂದು ಅವನು ಕೇಳಿದ: “ಈ ಜನ ಟಿಕೆಟ್ ತಗೊಂಡು ಬರೋರಾ ಬಾಯವ್ರೇ?”

“ಕೊಟ್ಟೋರು ಕೊಡ್ತಾರೆ. ಕೊಡ್ದೇ ಇರೋರು ಬಾವಿ ನೀರು ಸೇದಿ ಗಿಡಕ್ಕೆ ಹಾಕ್ತಾರೆ. ನಾನು ಕೇಳಲ್ಲ. ಆ ವಾರ್ಡ್ ಬಾಗ್ಲಲ್ಲಿ ನಿಲ್ಲೋದು ಏನು ಅಂತ ನಂಗೆ ತೆರಿಯೂ.”

ಗೊತ್ತಿತ್ತು, ನಿಜ. ಜಯಲಕ್ಷ್ಮೀಬಾಯಿಯವರು ಹುಟ್ಟಿದ್ದು ತಿರುವಲ್ಲಿಕ್ಕೇಣಿಯ ಒಂದು ಮಾಧ್ವರ ಓಣಿಯಲ್ಲಿ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಎರಡರ ನಡುವೆ ಹೊಸಿಲು ಎಲ್ಲಿದೆ ಎಂದು ಅವರ ನಾಲಿಗೆಗೆ ಈಗಲೂ ಸರಿಯಾಗಿ ತಿಳಿಯದು. ಮದುವೆಯಾಗಿ ಕೀಲ್ಪಾಕ್‌ಗೆ ಬಂದರು. ಒಂದು ನರ್ಸಿಂಗ್ ಹೋಮಿನ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದರು. ಯಾವ ರೋಗಿಯ ಕಡತ ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರಂತೆ. ರಿಟೈರಾದ ವಾರವೇ ಗಂಡ ವಿಷ್ಣುತೀರ್ಥರು ತೀರಿಕೊಂಡರು. ಹದಿನೈದನೇ ದಿನ ಬಂಗಲೆಯ ಹಿರಿಯಜ್ಜಿ, ಸುಜಯೀಂದ್ರನ ಅಜ್ಜಿ, ಹೇಳಿ ಕಳಿಸಿದರು: “ಜಯಾ, ಮನೇಲಿ ಕೂತು ಏನು ಮಾಡ್ತಿ? ಬಂದು ಒಂದು ಕೋಣೆ ಗುಡಿಸು.” ಹಾಗೆ ಬಂದವರು. ಅಜ್ಜಿ ಹೋದರು, ಗುಡಿಸುವುದು ಉಳಿಯಿತು. ಗುಡಿಸಿದ ಕೋಣೆಯನ್ನು ಬಾಗಿಲಲ್ಲಿ ನಿಂತ ಯಾರೋ ಇಣುಕಿ ನೋಡಿದರು, ಒಳಗೆ ಬನ್ನಿ ಅಂದರು. ಮ್ಯೂಸಿಯಂ ಶುರುವಾದದ್ದು ಇಷ್ಟೇ. ಗೇಟಿನ ಬೋರ್ಡು ಬಂದದ್ದು ಎರಡು ವರ್ಷ ಬಿಟ್ಟು.

ಬುಧವಾರ ಬೊಂಬೆ ಕೋಣೆ. ಒಂಬತ್ತು ಮೆಟ್ಟಿಲ ಮೇಲೆ ನವರಾತ್ರಿಯ ಬೊಂಬೆಗಳು ವರ್ಷವಿಡೀ ನಿಂತಿರುತ್ತವೆ. ಅಂದಾನಿಗೆ ಬೇಕಾದ್ದು ಮೆಟ್ಟಿಲ ಹಲಗೆ. ಆದರೂ ವ್ಯಾಪಾರಿಯ ಕಣ್ಣು, ಬೊಂಬೆಗಳನ್ನೂ ಎಣಿಸಿತು. “ಒಂದು ಬಿದ್ದೋಗದೆ,” ಎಂದು ಬರೆದುಕೊಳ್ಳಲು ಹೋದ.

“ಬಿದ್ದಿಲ್ಲ, ಮಲಗಿದೆ,” ಎಂದರು ಜಯಲಕ್ಷ್ಮೀಬಾಯಿ. ಮನೆಗಳಲ್ಲಿ ವಿಜಯದಶಮಿಯ ದಿನ ಒಂದು ಬೊಂಬೆಯನ್ನು ಮಲಗಿಸಿ, ಮಾರನೇ ದಿನ ಎಲ್ಲವನ್ನೂ ಪೆಟ್ಟಿಗೆಗೆ ಸೇರಿಸುತ್ತಾರೆ. ಈ ಬೊಂಬೆಗಳಿಗೆ ಪೆಟ್ಟಿಗೆಯ ಯೋಗವಿಲ್ಲ. “ವರ್ಷಪೂರ್ತಿ ನಿಂತೇ ಇರಿ ಅಂದ್ರೆ ಪಾಪ ಅಲ್ವಾ? ಅದಕ್ಕೆ ವಾರಕ್ಕೊಬ್ಬರಿಗೆ ರಜ. ಈ ವಾರ ಯಾರ ಸರದಿ ನೋಡಿ.”

ಅಂದಾನಿ ನೋಡಿದ. ಅಕ್ಕಿ ಬೇಳೆ ಅಂಗಡಿ ಮುಂದಿಟ್ಟುಕೊಂಡು ಕೂರುವ ಡೊಳ್ಳು ಹೊಟ್ಟೆಯ ಚೆಟ್ಟಿಯಾರ್ ಬೊಂಬೆ, ಒಂದು ಕರ್ಚೀಫಿನ ಮೇಲೆ ಅಂಗಾತ ಮಲಗಿತ್ತು.

“ಸೋಮವಾರ ನೀವು ಬಂದು ಹೋದ ಮೇಲೆ ಅನ್ನಿಸ್ತು ಸಾರ್. ವ್ಯಾಪಾರದೋರು ಕೊಂಚ ಮಲಗ್ಲಿ ಅಂತ.”

ಅಂದಾನಿ ನಕ್ಕುಬಿಟ್ಟ. ನಕ್ಕದ್ದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಬಸ್ಸಿನಲ್ಲಿ ಹೊಳೆಯಿತು.

ಆದರೆ ಅಷ್ಟರಲ್ಲಿ ಅವನಿಗೆ ಒಂದು ಸಂಗತಿ ಖಚಿತವಾಗಿತ್ತು: ಈ ಹೆಂಗಸು ತನಗಿಂತ ಪಕ್ಕಾ ವ್ಯಾಪಾರಸ್ಥೆ. ಒಂದೇ ಸಲ ಎಲ್ಲ ತೋರಿಸಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಒಂದೊಂದೇ ತೋರಿಸಿದರೆ ಏಳು ಸಲ ಬರುತ್ತಾನೆ. ಮೂವತ್ತು ವರ್ಷ ಅಂಗಡಿ ನಡೆಸಿದ ತನಗೆ ಇದು ಹೊಳೆದಿರಲಿಲ್ಲವಲ್ಲ! ಅವನು ಆ ಸಂಜೆಯೇ ಪ್ರಯೋಗ ಮಾಡಿದ. ಊಟದ ಮೇಜು ನೋಡಲು ಬಂದ ಅಣ್ಣಾನಗರದ ದಂಪತಿಗಳಿಗೆ ಒಂದೇ ಮೇಜು ತೋರಿಸಿ, “ಮಿಕ್ಕಿದ್ದು ನಾಳೆ,” ಎಂದ. ಅವರು ಎದುರಿನ ಅಂಗಡಿಗೆ ಹೋಗಿ ಮೇಜು ಕೊಂಡರು.

ಗುರುವಾರ ಓದುವ ಕೋಣೆಯಲ್ಲಿ ಅವನು ಸೋಲೊಪ್ಪಿಕೊಂಡ. “ಬಾಯವ್ರೇ, ನಿಮ್ಮ ಯಾಪಾರದ ಗುಟ್ಟು ನಂಗೊಂದಿಷ್ಟು ಹೇಳ್ಕೊಡಿ. ಜನ ಏಳ್ ಸಲ ಬರೋ ಹಂಗೆ ಮಾಡೀರಲ್ಲ, ಇದ್ಯಾರು ಕಲ್ಸಿದ್ರು?”

ಜಯಲಕ್ಷ್ಮೀಬಾಯಿ ಅವನ ಮುಖ ನೋಡಿದರು, ತಮಾಷೆ ಮಾಡುತ್ತಿದ್ದಾನೋ ಏನೋ ಎಂಬಂತೆ.

“ಗುಟ್ಟು ಏನಿದೆ ಸಾರ್? ಒಂದು ಕೋಣೆ ಧೂಳು ಹೊಡ್ದು, ಗುಡಿಸಿ, ಒರೆಸಿ, ಹಿತ್ತಾಳೆ ಸಾಮಾನು ಉಜ್ಜೋಷ್ಟ್ರಲ್ಲಿ ಹತ್ತು ಗಂಟೆ ಆಗತ್ತೆ. ಇರೋದು ನಾನೊಬ್ಬಳು, ಮಂಡಿ ಒಂದೂವರೆ. ಗುಡಿಸದೆ ಇರೋ ಕೋಣೇನ ಬಂದೋರಿಗೆ ಹೇಗೆ ತೋರ್ಸೋದು? ನಿಮ್ಮ ಮನೇಲಿ ತೋರ್ಸ್ತಾರಾ?”

ಅಂದಾನಿ ಪುಸ್ತಕದ ಗೂಡು ಅಳೆಯಲು ತಿರುಗಿದ. ನಾಲ್ಕು ದಿನದಿಂದ ಅವನು ಹೆಜ್ಜೆ ಹೆಜ್ಜೆಗೂ ಮೆಚ್ಚಿಕೊಂಡ ಜಾಣತನ ಬರೀ ಮರ್ಯಾದೆಯಾಗಿತ್ತು. ಆ ಮರ್ಯಾದೆಯ ಮೇಲೆ ಒಂದು ಮ್ಯೂಸಿಯಂ ಏಳು ವರ್ಷ ನಡೆದಿತ್ತು. ಅಣ್ಣಾನಗರದ ಮೇಜಿನ ಸಂಗತಿಯನ್ನು ಅವನು ಅವರಿಗೆ ಹೇಳಲಿಲ್ಲ.

ಶುಕ್ರವಾರ ದೇವರ ಮನೆ. ಅಲ್ಲಿ ಬಾಗಿಲಿರಲಿಲ್ಲ. ಕೆತ್ತನೆಯ ದಾರಂದಕ್ಕೆ ಒಂದು ಹಳದಿ ಪರದೆ ಕಟ್ಟಿತ್ತು. ದಾರಂದದ ಮೇಲಿನ ಪಟ್ಟಿಯಲ್ಲಿ ಬಳ್ಳಿ, ಬಳ್ಳಿಯ ನಡುವೆ ಎರಡು ಗಿಳಿ. ಎಡಗಡೆಯ ಗಿಳಿಯ ಕೊಕ್ಕು ಮುರಿದಿತ್ತು. ಅಂದಾನಿಯ ಕೈಯಲ್ಲಿದ್ದ ಟೇಪು ಅರ್ಧಕ್ಕೆ ನಿಂತಿತು.

“ಇಲ್ಲೊಂದು ಬಾಗಿಲಿತ್ತು,” ಎಂದು ಜಯಲಕ್ಷ್ಮೀಬಾಯಿ ಬಂದವರಿಗೆಲ್ಲ ಹೇಳುವ ಕಥೆ ಶುರುಮಾಡಿದರು. ಸೆಲ್ವಿ ತಲೆಯಾಡಿಸುತ್ತಾ ನಿಂತಿದ್ದಳು, ಅವಳಿಗೆ ಬಾಯಿಪಾಠ. “ಎರಡು ರೆಕ್ಕೆ ಬಾಗಿಲು, ಹದಿನಾರು ಚೌಕ, ಚೌಕಕ್ಕೊಂದು ಗಂಟೆ. ತೊಂಬತ್ತಾರನೇ ಇಸವಿಯಲ್ಲಿ ಅದಕ್ಕೆ ಗೆದ್ದಲು ಹಿಡೀತು. ಬಾಗಿಲಿಗೆ ಹಿಡಿದದ್ದು ಮನೆಗೆಲ್ಲ ಹಬ್ಬತ್ತೆ ಅಂತ ಮರದ ವ್ಯಾಪಾರಿ ಒಬ್ಬ ತಟ್ಟಿ ನೋಡಿ ಹೇಳಿ, ತಾನೇ ಕಿತ್ಕೊಂಡು ಹೋದ. ಪುಣ್ಯಾತ್ಮ. ಅವನು ಅವತ್ತು ಬರ್ದೇ ಇದ್ದಿದ್ರೆ ಇವತ್ತು ನೀವು ಈ ಮನೆ ನೋಡ್ತಿರಲಿಲ್ಲ. ಕೀಳುವಾಗ ಒಂದು ಗಂಟೆ ಉದುರಿ ಮೂಲೆಗೆ ಹೋಗಿತ್ತು. ಅಜ್ಜಿ ಅದನ್ನ ನಂಗೆ ಕೊಟ್ರು.” ಎಂದು ಆ ಪುಟ್ಟ ಗಂಟೆಯನ್ನು ಆಡಿಸಿ ತೋರಿಸಿದರು.

ಸದ್ದು ಎಲ್ಲಿಯದೆಂದು ಅಂದಾನಿಗೆ ಈಗ ಗೊತ್ತಾಯಿತು. ಟಿ. ನಗರದಲ್ಲಿ ಅಂಗಡಿಯ ಮೇಲಿನ ಅವನ ಮನೆಯಲ್ಲಿ, ದೇವರ ಕೋಣೆಗೆ ಎರಡು ರೆಕ್ಕೆಯ ತೇಗದ ಬಾಗಿಲಿದೆ. ಹದಿನಾರು ಚೌಕ, ಹದಿನೈದು ಗಂಟೆ. ಕೊಳ್ಳೇಗಾಲದಿಂದ ಬಂದು, ಯಾರದೋ ಗೋಡೌನಿನಲ್ಲಿ ಮಲಗುತ್ತಿದ್ದ ಇಪ್ಪತ್ತೇಳರ ಅಂದಾನಿ ಅದನ್ನು ಕೊಂಡಿದ್ದು ತೊಂಬತ್ತಾರರಲ್ಲಿ, ಇದೇ ಮನೆಯಿಂದ. ಆಗ ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗಿದ್ದ. ಬೀದಿಯೂ ಬೇರೆಯಾಗಿತ್ತು, ಊರೂ ಬೇರೆಯಾಗಿತ್ತು. ಮುಂದೆ ಕಂಡ ನೂರು ಮನೆಗಳಲ್ಲಿ ಇದು ಕಲೆತು ಹೋಗಿತ್ತು. ಬಾಗಿಲು ಬೇಕೇ ಬೇಕು ಅನಿಸಿತ್ತು, ಕೈಯಲ್ಲಿ ಇದ್ದದ್ದು ಸ್ವಲ್ಪ. ಬೆರಳ ಗೆಣ್ಣಿನಿಂದ ತಟ್ಟಿ, ಮುಖ ಸಣ್ಣಗೆ ಮಾಡಿಕೊಂಡು, “ಒಳಗೆಲ್ಲ ಗೆದ್ದಲು ಸ್ವಾಮಿ,” ಎಂದಿದ್ದ. ಗೆದ್ದಲು ಇರಲಿಲ್ಲ. ಒಂದೇ ಒಂದು ತೂತೂ ಇರಲಿಲ್ಲ. ಮಾರಲೆಂದು ಕೊಂಡ ಬಾಗಿಲನ್ನು ಮಾರಲು ಮನಸ್ಸು ಬರದೆ ತಾನೇ ಇಟ್ಟುಕೊಂಡಿದ್ದ.

“ಏನ್ ಸಾರ್, ಬರ್ಕೊಳ್ಳಲ್ವಾ?”

“ದಾರಂದ ಒಂದು,” ಎಂದ ಅಂದಾನಿ. ಅವನ ಧ್ವನಿ ಅವನಿಗೇ ಪೊಳ್ಳು ಮರ ತಟ್ಟಿದಂತೆ ಕೇಳಿಸಿತು. ಸುಳ್ಳು ಹೇಳಿದ್ದು ಅವನನ್ನು ಅಷ್ಟು ಕಾಡಲಿಲ್ಲ. ವ್ಯಾಪಾರದಲ್ಲಿ ಅದಕ್ಕಿಂತ ದೊಡ್ಡವನ್ನು ಹೇಳಿದ್ದ. ಆ ಸುಳ್ಳಿಗಾಗಿ ಒಬ್ಬ ಹೆಂಗಸು ಏಳು ವರ್ಷದಿಂದ ಪ್ರತಿ ಶುಕ್ರವಾರ ಅವನಿಗೆ ಪುಣ್ಯಾತ್ಮ ಎನ್ನುತ್ತಾ ಬಂದದ್ದು ಮಾತ್ರ ಕಾಡಿತು.

ಶನಿವಾರ ಉಯ್ಯಾಲೆ ಹಜಾರ ಅಳೆಯುತ್ತಿದ್ದಾಗ ಸುಜಯೀಂದ್ರ ಬಂದ, ಹಿಂದೆ ಕಾಲೇಜು ಓದುವ ಮಗಳು ಮಾನ್ಯಾ.

“ಜಯಾ ಅತ್ತೆ, ಒಂದು ತೊಂದರೆ. ಕೃಷ್ಣರಾಜಣ್ಣ ಫೋನ್ ಮಾಡಿದ್ದ. ನಾಳೆ ಹತ್ತು ಗಂಟೆಗೆ ಎಲ್ಲ ಕೋಣೆನೂ ತೆರೆದಿರಬೇಕಂತೆ. ಒಂದೊಂದಾಗಿ ಬಂದು ನೋಡೋಕ್ಕೆ ಟೈಮ್ ಇಲ್ಲವಂತೆ.”

ಕೃಷ್ಣರಾಜ ಎಂದರೆ ದಾಯಾದಿಗಳಲ್ಲಿ ಹಿರಿಯ. ಮಾರಿಬಿಡೋಣ ಎನ್ನುವವರ ಪೈಕಿ ದೊಡ್ಡ ಗಂಟಲು.

“ಏಳೂ ಕೋಣೆನಾ?” ಜಯಲಕ್ಷ್ಮೀಬಾಯಿ ಉಯ್ಯಾಲೆಯ ಸರಪಳಿ ಹಿಡಿದುಕೊಂಡರು. “ಕಚೇರಿ ಕೋಣೆ ಸೋಮವಾರ ಗುಡಿಸಿದ್ದು. ಕಿಟಕಿ ಪಕ್ಕ ಮೆಟ್ರೋ ಕೆಲಸದ ಧೂಳು, ಈಗ ಒಂದು ಬೆರಳು ಕೂತಿರತ್ತೆ. ಅದನ್ನ ಅವರು ನೋಡಿ, ಇದೇನಾ ನಿಮ್ಮ ಮ್ಯೂಸಿಯಂ ಅಂತಾರೆ. ಸುಜಯಾ, ಮಾರೋದಾದ್ರೆ ಮಾರಿ, ಹೀಗೆ ತೋರ್ಸಿ ಮಾರ್ಬೇಡಿ.”

“ನಾನ್ ಹೆಲ್ಪ್ ಪಣ್ರೇನ್ ಪಾಟ್ಟಿ, ನಾನೂ ಗುಡಿಸ್ತೀನಿ,” ಎಂದಳು ಮಾನ್ಯಾ.

“ನಿಂಗೆ ಪರಕೆ ಯಾವ ಕಡೆ ಹಿಡಿಯೋದು ಅಂತ ಗೊತ್ತಾ ಕಂದಾ?”

ಅಂದಾನಿ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಗೇಟಿನ ಕಡೆ ಹೊರಟ.

ಭಾನುವಾರ ಬೆಳಿಗ್ಗೆ ಐದೂವರೆಗೆ ಬಂಗಲೆಯ ಗೇಟಿನ ಮುಂದೆ ಒಂದು ಆಟೋ ನಿಂತಿತು. ಮೊದಲು ಎರಡು ಪರಕೆ ಇಳಿದವು, ಆಮೇಲೆ ಅಂದಾನಿಯ ಹೆಂಡತಿ ಚೆನ್ನಾಜಮ್ಮ, ಕಡೆಗೆ ಪಂಚೆ ಎತ್ತಿ ಕಟ್ಟಿದ ಅಂದಾನಿ.

“ಏನ್ ಸಾರ್ ಇದು?”

“ಗಲೀಜು ಮಾಲಿಗೆ ರೇಟು ಬರಲ್ಲ ಬಾಯವ್ರೇ. ಯಾಪಾರದ ಮಾತು. ನೀವೇನೂ ಅಂದ್ಕೋಬೇಡಿ.”

“ನಂಬಬ್ಯಾಡಿ ಕಣಕ್ಕಾ,” ಎಂದಳು ಚೆನ್ನಾಜಮ್ಮ. “ಮದ್ವೆಯಾಗಿ ಮೂವತ್ತ್ ವರ್ಸ ಆಯ್ತು, ಈವಯ್ಯ ಪರಕೆ ಮುಟ್ಟಿದ್ದ ನಾ ಕಾಣೆ. ನೋಡನ ಅಂತಲೇ ಬಂದೆ.”

ಜಯಲಕ್ಷ್ಮೀಬಾಯಿಗೆ ಅಚ್ಚರಿಪಡಲು ಪುರುಸೊತ್ತಿರಲಿಲ್ಲ. ತಾವೂ ಸೇರಿ ಮೂವರಿಗೂ ಕೆಲಸ ಹಂಚಿದರು. ಮೊದಲು ತೊಲೆ, ಆಮೇಲೆ ಗೋಡೆ, ಕಡೆಗೆ ನೆಲ. ಒಣ ಬಟ್ಟೆ, ಒದ್ದೆ ಬಟ್ಟೆ, ಮತ್ತೆ ಒಣ ಬಟ್ಟೆ. ಅಂದಾನಿ ಮೇಜಿನ ಮೇಲೆ ಗುಡಿಸಿ ಧೂಳನ್ನು ನೆಲಕ್ಕೆ ಹಾಕುವ ಬದಲು ಮುಖಕ್ಕೆ ಹಾಕಿಕೊಂಡ. “ಮರದ ವ್ಯಾಪಾರಿಗೆ ಮರ ಒರೆಸೋಕ್ಕೆ ಬರಲ್ವಾ?” ಎಂದು ಬೈಸಿಕೊಂಡ. ಮೇಜಿನ ಕಾಲಿನ ಸಂದಿಗೆ ಬೆರಳು ಹಾಕಿ ಒರೆಸುವಾಗ, ಮೂವತ್ತು ವರ್ಷ ಮರವನ್ನು ಮಾರಿದರೂ ಹೀಗೆ ಮುಟ್ಟಿರಲಿಲ್ಲ ಎಂದು ಅವನಿಗೆ ಅನಿಸಿತು. ಎಂಟಕ್ಕೆ ಮಾನ್ಯಾ ಬಂದಳು, ಪರಕೆ ಹಿಡಿಯುವ ಕಡೆಯನ್ನು ಒಂದೇ ಸಲಕ್ಕೆ ಕಂಡುಕೊಂಡಳು. ಒಂಬತ್ತಕ್ಕೆ ಉಳಿದದ್ದು ದೇವರ ಮನೆ ಒಂದೇ.

ಪರದೆ ಸರಿಸಿದ ಚೆನ್ನಾಜಮ್ಮ ಅಲ್ಲೇ ನಿಂತಳು. ದಾರಂದದ ಗಿಳಿಗಳನ್ನು ನೋಡಿದಳು. ಅವಳ ಮನೆಯ ಬಾಗಿಲ ಮೇಲೂ ಅದೇ ಬಳ್ಳಿ, ಅದೇ ಗಿಳಿ. ದಿನಾ ಅರಿಸಿನ ಕುಂಕುಮ ಇಡುವವಳು ಅವಳು. ಕಿಟಕಿಯ ಮೇಲಿದ್ದ ಗಂಟೆಯನ್ನು ಕೈಗೆತ್ತಿಕೊಂಡು ಗಂಡನ ಕಡೆ ತಿರುಗಿದಳು.

“ಹದಿನಾರ್ನೇ ಗಂಟೆ ಎಲ್ಲೋಯ್ತು ಅಂತ ಎಷ್ಟ್ ಸಲ ಕೇಳಿವ್ನಿ ನಿನ್ನ?”

“ಮೆತ್ತಗ್ ಮಾತಾಡು.”

“ಕದ್ದಿದ್ದಾ?”

“ಕದ್ದಿಲ್ಲ ಕಣೇ. ಕೊಂಡಿದ್ದು. ಗೆದ್ದಲು ಅಂತ ಒಂದ್ ಮಾತ್ ಹೇಳ್ದೆ, ಅಷ್ಟೇಯ.”

ಚೆನ್ನಾಜಮ್ಮ ಗಂಟೆಯನ್ನು ಇದ್ದ ಜಾಗದಲ್ಲಿ ಇಟ್ಟಳು. “ಅಷ್ಟೇಯ ಅಂತೆ. ಬಾಗ್ಲು ವಾಪಸ್ ಕೊಟ್ರೆ ನಮ್ ದ್ಯಾವ್ರಿಗೆ ನಾನು ಒಂದು ಕಂಬಳಿ ಕಟ್ಕತೀನಿ. ನೀನು ಮಾತಾಡೋ ಜಾಗದಲ್ಲಿ ಮಾತಾಡು,” ಎಂದವಳೇ ನೆಲ ಒರೆಸಲು ಕೂತಳು.

ಹತ್ತು ಗಂಟೆಗೆ ಐವರು ದಾಯಾದಿಗಳು ಕಾಲು ತೊಳೆದುಕೊಂಡೇ ಒಳಗೆ ಬಂದರು. ಆ ವಿಷಯದಲ್ಲಿ ಜಯಲಕ್ಷ್ಮೀಬಾ‌ಯಿ ಪಾಲುದಾರರನ್ನೂ ಬಿಡಲಿಲ್ಲ. ಏಳು ಕೋಣೆಗಳಲ್ಲಿ ನೆಲ ಕನ್ನಡಿಯಾಗಿತ್ತು. ಕೃಷ್ಣರಾಜ ಇದ್ದಕ್ಕಿದ್ದಂತೆ ಮೆಲ್ಲಗೆ ನಡೆಯತೊಡಗಿದ. ಆದರೂ ಹಜಾರದಲ್ಲಿ ಕೂತ ಮೇಲೆ ಗಂಟಲು ತೆರೆದೇ ತೆರೆದ.

“ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನೋಡೋಕ್ಕೆ ಬರೋರು ಯಾರು? ಈ ಪುಸ್ತಕದಲ್ಲಿ ಬರೀ ಅವೇ ಹೆಸರು. ಇದೇನು, ಸೆಲ್ವಿ, ಸೆಲ್ವಿ, ಸೆಲ್ವಿ, ಇಪ್ಪತ್ತೈದು ಸಲ!”

“ಅದು ನಾನೇ ಸಾರ್,” ಎಂದಿತು ಬಾಗಿಲಿನಿಂದ ಒಂದು ಧ್ವನಿ. ಸೆಲ್ವಿ ಬಂದಿದ್ದಳು, ಪಕ್ಕದಲ್ಲಿ ತೋಳಿಗೆ ಬ್ಯಾಂಡೇಜು ಸುತ್ತಿದ ಗಂಡ. ಅವತ್ತು ಬೆಳಿಗ್ಗೆ ಡಿಸ್ಚಾರ್ಜ್. ಎಣ್ಣೂರಿನ ಬಸ್ಸು ಹಿಡಿಯುವ ಮುಂಚೆ ಒಂದು ಸಲ ನೋಡಿಯೇ ಹೋಗಬೇಕೆಂದು ಹಟ ಹಿಡಿದು ಬಂದಿದ್ದ ಅವನು. ದಿನಾ ಸಂಜೆ ಅವಳು ವಾರ್ಡಿಗೆ ಹೋಗಿ ಅವತ್ತಿನ ಕೋಣೆಯನ್ನು ಹೇಳುತ್ತಿದ್ದಳಂತೆ. ಗಾಯಕ್ಕೆ ಬಟ್ಟೆ ಬದಲಿಸುವಾಗ ಅವನು ಕಣ್ಣು ಮುಚ್ಚಿ ತೊಟ್ಟಿಲು, ಬೊಂಬೆ, ಉಯ್ಯಾಲೆ ಎಂದು ಎಣಿಸುತ್ತಿದ್ದನಂತೆ. ಈಗ ಹಜಾರದಲ್ಲಿ ನಿಂತು, ಯಾರೂ ತೋರಿಸದೆಯೇ, “ಬಾಗಿಲಿಲ್ಲದ ದೇವರ ಮನೆ ಆ ಕಡೆ ಅಲ್ಲವಾ?” ಎಂದು ಕೈ ಮಾಡಿದ.

ಕೃಷ್ಣರಾಜ ಪುಸ್ತಕ ಮುಚ್ಚಿದ. “ಅದೆಲ್ಲ ಸರಿ. ಆದ್ರೆ ನಾವು ಪ್ರಾಕ್ಟಿಕಲ್ ಆಗಿ ಮಾತಾಡೋಣ. ಅಂದಾನಿಯವರೇ, ನಿಮ್ಮ ಪಟ್ಟಿ ಓದಿ. ಓದಿದ ಮೇಲೆ ಸಹಿ.”

ಅಂದಾನಿ ಎದ್ದು ನಿಂತ. ಪಟ್ಟಿ ಕೈಯಲ್ಲಿತ್ತು. ಅದರಲ್ಲಿದ್ದ ಮಾಲು ಅವನ ಜೀವಮಾನದ ಮಾಲು. ಅಂಥ ಕಂಬಗಳು ಈ ಊರಿನಲ್ಲಿ ಇನ್ನೆಲ್ಲೂ ಉಳಿದಿಲ್ಲ.

“ಓದೋಕೆ ಮುಂಚೆ ಒಂದು ಮಾತು ಸ್ವಾಮಿ. ಆ ದೇವರ ಮನೆ ಬಾಗ್ಲು ತೊಂಬತ್ತಾರರಲ್ಲಿ ಕೊಂಡೋನು ನಾನೇ. ನಿಮ್ಮ ತಂದೆಯವರ ಹತ್ರ. ಅದಕ್ಕೆ ಗೆದ್ದಲು ಇರ್ಲಿಲ್ಲ. ರೇಟು ಇಳ್ಸಕ್ಕೆ ಸುಳ್ಳು ಹೇಳಿದ್ದೆ.”

ಹಜಾರದಲ್ಲಿ ಉಯ್ಯಾಲೆಯ ಸರಪಳಿ ಕಿರ್ ಎಂದಿತು. ಕೃಷ್ಣರಾಜನ ಮುಖ ಕೆಂಪೇರಿತು. “ನಮ್ಮಪ್ಪ ಸಾಯೋ ತನಕ ಹೇಳ್ತಿದ್ರು, ನನ್ನ ಕೈಯಾರೆ ದೇವರ ಬಾಗಿಲಿಗೆ ಗೆದ್ದಲು ಹತ್ತಿಸಿಬಿಟ್ಟೆ, ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ. ನೀನು... ನಿಮ್ಮ ಪಟ್ಟಿ ನಂಬಿ ನಾನು ಸಹಿ ಹಾಕ್ಬೇಕಾ? ಒಂದು ಬಾಗಿಲಿಗೆ ಹೀಗೆ ಹೇಳಿದೋರು ಏಳು ಕೋಣೆಗೆ ಏನು ಬರ್ದಿದ್ದೀರೋ!”

“ಅದೇ ನಾನೂ ಹೇಳೋದು ಸ್ವಾಮಿ. ನಾನಾದ್ರೆ ಇಂಥೋನ ಪಟ್ಟಿಗೆ ಸಹಿ ಹಾಕ್ತಿರ್ಲಿಲ್ಲ.”

ಸುಜಯೀಂದ್ರ ಒಮ್ಮೆ ಅಂದಾನಿಯ ಮುಖ ನೋಡಿದ. ಆ ಮುಖ ಪಾಲಿಶ್ ಹಾಕಿದ ಮರದಂತೆ ಏನೂ ಹೇಳುತ್ತಿರಲಿಲ್ಲ. ಹಾಗಾದರೆ ಬೇರೊಬ್ಬ ನಂಬಿಕಸ್ಥನಿಂದ ಪಟ್ಟಿ ಮಾಡಿಸಬೇಕು, ಅದು ಬರುವವರೆಗೆ, ಅಂದರೆ ಮುಂದಿನ ವರ್ಷದ ಪೊಂಗಲ್ ತನಕ, ಮನೆ ಈಗಿನಂತೆಯೇ ನಡೆಯಲಿ ಎಂದ ಸುಜಯೀಂದ್ರ. ಉಳಿದ ನಾಲ್ವರೂ ಒಪ್ಪಿದರು. ಕೃಷ್ಣರಾಜ ಮೊದಲು ಒಪ್ಪಿದ; ಅವನಿಗೆ ಆ ಕ್ಷಣಕ್ಕೆ ಬೇಕಿದ್ದದ್ದು ಅಂದಾನಿಗೆ ಏನೂ ಸಿಗದಿರುವುದು ಮಾತ್ರ. ಹೋಗುವಾಗ ಅವನು ಕಚೇರಿ ಕೋಣೆಯ ಬಾಗಿಲಲ್ಲಿ ನಿಂತು, ಅಪ್ಪ ಕೂರುತ್ತಿದ್ದ ಮೇಜನ್ನು ಬಹಳ ಹೊತ್ತು ನೋಡಿದ. ಅಲ್ಲಿ ಸರಿಯಾಗಿ ಕೂತು ನೋಡಬೇಕಾದರೆ ಸೋಮವಾರ ಬನ್ನಿ ಎಂದರು ಜಯಲಕ್ಷ್ಮೀಬಾಯಿ.

ಎಲ್ಲರೂ ಹೋದ ಮೇಲೆ ಅವರು ಅಂದಾನಿಯ ಮುಂದೆ ಬಂದು ನಿಂತರು. ಪುಣ್ಯಾತ್ಮನೆಂಬ ಮಾತು ಬರಲಿಲ್ಲ.

“ಏಳು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ರಲ್ಲ ಸಾರ್!”

“ತಪ್ಪಾಯ್ತು ಬಾಯವ್ರೇ.”

“ಇನ್ನು ಶುಕ್ರವಾರದ ಕಥೆ ಬದಲಾಯಿಸ್ಬೇಕು. ನಿಮ್ಮ ಹೆಸರು ಹಾಕಿ ಹೇಳ್ತೀನಿ.”

“ಹೇಳಿ.”

“ಊರು ಕೂಡ.”

“ಕೊಳ್ಳೇಗಾಲ. ಅದು ಬ್ಯಾಡ ಅನ್ನಿಸ್ತದೆ, ಆದ್ರೂ ಹೇಳಿ.”

“ಕಾಫಿ ಕುಡಿದು ಹೋಗಿ,” ಎಂದರು ಅವರು, ಚೆನ್ನಾಜಮ್ಮನ ಕೈ ಹಿಡಿದು ಅಡಿಗೆಮನೆಯ ಕಡೆ ನಡೆಯುತ್ತಾ. ಅವತ್ತು ಭಾನುವಾರ, ಆ ಕೋಣೆ ಹೇಗೂ ತೆರೆದಿತ್ತು.

ಅದಾದ ಮೇಲೆ ಮಾನ್ಯಾ ಶನಿವಾರ ಭಾನುವಾರ ಪರಕೆ ಹಿಡಿಯುತ್ತಾಳೆ, ಚೆನ್ನಾಜಮ್ಮ ಬುಧವಾರ ಬಂದು ಹೋಗುತ್ತಾಳೆ. ದಿನಕ್ಕೆ ಎರಡು ಕೋಣೆ ತೆರೆಯಬಹುದಲ್ಲ ಎಂದು ಸುಜಯೀಂದ್ರ ಕೇಳಿದ. ಜನಕ್ಕೆ ಒಂದೇ ಅಭ್ಯಾಸವಾಗಿದೆ ಎಂದರು ಜಯಲಕ್ಷ್ಮೀಬಾಯಿ. ಇದನ್ನು ಕೇಳಿದ ಅಂದಾನಿಗೆ ಅವರು ವ್ಯಾಪಾರಸ್ಥೆಯೇ ಇರಬಹುದು ಎಂಬ ಅನುಮಾನ ಮತ್ತೆ ಶುರುವಾಗಿದೆ. ತೊಂಬತ್ತಾರರಲ್ಲಿ ಕಿತ್ತ ರಭಸಕ್ಕೆ ದಾರಂದದ ಎಡಗಡೆಯ ತಿರುಗಣಿ ಜಾಗ ಸೀಳಿತ್ತು. ಬಾಗಿಲನ್ನು ವಾಪಸು ಕೂರಿಸುವ ಮುಂಚೆ ಅದಕ್ಕೆ ಬರ್ಮಾ ತೇಗದ್ದೇ ತುಂಡು ಕೂಡಿಸಬೇಕು, ಮಳೆಗಾಲದ ತೇವ ಆರಬೇಕು. ಬಾಗಿಲು ಈಗ ಅಂಗಡಿಯ ಹಿಂದೆ, ಗೋಣಿ ಸುತ್ತಿಕೊಂಡು, ಗೋಡೆಗೆ ಒರಗಿ ನಿಂತಿದೆ. ಅದರ ಚೌಕಗಳ ಧೂಳನ್ನು ಅಂದಾನಿ ತಾನೇ ಒರೆಸುತ್ತಾನೆ, ಮೊದಲು ಒಣ ಬಟ್ಟೆ, ಆಮೇಲೆ ಒದ್ದೆ ಬಟ್ಟೆ, ಮತ್ತೆ ಒಣ ಬಟ್ಟೆ.

ಅಂದಾನಿ ಜಯಲಕ್ಷ್ಮೀಬಾಯಿಯವರಿಗೆ ಕೊಡಬೇಕಾದ್ದು ಎರಡು ರೆಕ್ಕೆಯ ಒಂದು ತೇಗದ ಬಾಗಿಲು, ಹದಿನೈದು ಗಂಟೆ ಸಮೇತ.